ನವಿಲಿನ ಕಣ್ಣಿನಲ್ಲಿ ಸುಣ್ಣದ ಹರಳು: ಚಿತ್ರದುರ್ಗದ ಒಂದು ಕುಂಬಾರಿಕೆ ಶಿಬಿರದ ಪ್ರಕರಣ

2023ರ ಮೇ ತಿಂಗಳು. ರಾತ್ರಿಯೆಲ್ಲ ಕೃತ್ತಿಕೆ ಮಳೆ ಹೊಯ್ದು ಬೆಳಗ್ಗೆ ನೆಲವೆಲ್ಲ ತಂಪಾಗಿತ್ತು. ಮಕ್ಕಳು ಮಾಡಿದ ಮಡಕೆಗಳನ್ನು ಅವತ್ತು ಊರಿನವರಿಗೆ ತೋರಿಸುವುದಿತ್ತು. ಶಾಲೆಯ ಕೋಣೆಯ ಬೀಗ ತೆಗೆದವನು ನಾನೇ. ಮೇಜಿನ ಮೇಲೆ ಹಾಸಿದ್ದ ಬಿಳಿ ಬಟ್ಟೆಯ ತುಂಬ ಕೆಂಪು ಚಕ್ಕೆಗಳು ಬಿದ್ದಿದ್ದವು. ಇಲಿ ಓಡಾಡಿರಬೇಕು ಅಂದುಕೊಂಡು ಹತ್ತಿರದ ಮಡಕೆಯೊಂದನ್ನು ಎತ್ತಿಕೊಂಡೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಅದರ ಮೇಲೆ ಗರಿ ಬಿಚ್ಚಿದ ನವಿಲು ಬರೆದಿದ್ದಳು. ಎರಡು ದಿನ ಕೂತು ಬರೆದದ್ದು. ನವಿಲಿನ ಕಣ್ಣಿದ್ದ ಜಾಗದಲ್ಲಿ ಈಗ ಬೆರಳ ತುದಿ ಕೂರುವಷ್ಟು ಗುಳಿ. ಗುಳಿಯ ತಳದಲ್ಲಿ ಸಾಸಿವೆ ಕಾಳಿನಷ್ಟು ಒಂದು ಬಿಳಿ ಚುಕ್ಕೆ. ಅದನ್ನು ನೋಡುತ್ತ ನಿಂತಿದ್ದಾಗಲೇ ಆಚೆ ಮೇಜಿನಿಂದ ‘ಟಪ್’ ಎಂದು ಸದ್ದಾಯಿತು. ಯಾರೂ ಮುಟ್ಟದೆ ಇನ್ನೊಂದು ಮಡಕೆಯಿಂದ ಚಕ್ಕೆ ಹಾರಿ ಕೆಳಗೆ ಬಿತ್ತು.

ಮೂವತ್ತೆರಡು ಮಡಕೆಗಳಲ್ಲಿ ಅವತ್ತು ಸಂಜೆಯ ಹೊತ್ತಿಗೆ ಇಪ್ಪತ್ತೊಂದಕ್ಕೆ ಹೀಗೆ ಗುಳಿ ಬಿದ್ದಿತ್ತು. ಮುಂದಿನ ವಾರದೊಳಗೆ ಸರಿಯಾಗಿ ಉಳಿದದ್ದು ನಾಲ್ಕೇ. ಸುಟ್ಟು ಹೊರಗೆ ತೆಗೆದಾಗ ಅವೆಲ್ಲ ಗಟ್ಟಿಯಾಗಿದ್ದವು, ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ನಾದ ಕೊಡುತ್ತಿದ್ದವು. ಸುಟ್ಟು ಎಂಟು ದಿನವಾದ ಮೇಲೆ ಒಡೆಯುವುದೆಂದರೇನು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯೂ ಇರಲಿಲ್ಲ. ಕಾರಣ ಹುಡುಕಲು ನಮಗೆ ಒಂದೂವರೆ ತಿಂಗಳು ಹಿಡಿಯಿತು. ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸುವ ಬೇರೆ ಮೇಷ್ಟ್ರುಗಳಿಗೂ ಬೇಕಾಗಬಹುದೆಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಅಕ್ಕನ ಅಂಗಳ

ನಾನು ಚಿತ್ರದುರ್ಗ ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಶಿಬಿರದಲ್ಲಿ ಕಲಿಸಿದವರು ಅದೇ ಊರಿನ ಕುಂಬಾರರ ಓಣಿಯ ಅಕ್ಕ. ವಯಸ್ಸು ಐವತ್ತು ದಾಟಿದೆ. ಊರಿಗೆಲ್ಲ ಅವರು ಅಕ್ಕ, ಆದ್ದರಿಂದ ಇಲ್ಲೂ ಅಕ್ಕ ಎಂದೇ ಕರೆಯುತ್ತೇನೆ.

ಅಕ್ಕ ಮೊದಲು ಕಲಿತದ್ದು ಕುಂಚ, ಆಮೇಲೆ ತಿಗರಿ. ನಮ್ಮ ಕಡೆ ಮದುವೆಗೆ ಕುಂಬಾರರ ಮನೆಯಿಂದ ಐರಾಣಿ ತರುವ ಪದ್ಧತಿ ಇನ್ನೂ ಇದೆ. ಕೆಂಪು ಗಡಿಗೆಗಳ ಮೇಲೆ ಸುಣ್ಣದಲ್ಲೂ ಕಾವಿಯಲ್ಲೂ ಗೆರೆ, ಚುಕ್ಕೆ, ಬಳ್ಳಿ ಬರೆದು ಪೂಜೆ ಮಾಡಿ ವಾದ್ಯದ ಜೊತೆ ಮದುವೆ ಮನೆಗೆ ಒಯ್ಯುತ್ತಾರೆ. ಗಡಿಗೆ ಮಾಡುವುದು ಗಂಡಸರ ಕೆಲಸ, ಚಿತ್ರ ಹೆಂಗಸರದು. ಅಕ್ಕನ ಅತ್ತೆ ಅಂಥ ಗಡಿಗೆ ಬರೆಯುವುದರಲ್ಲಿ ಹೆಸರಾದವರು. ತುದಿ ಜಜ್ಜಿದ ಈಚಲು ಕಡ್ಡಿಯೇ ಅವರ ಕುಂಚ. ಆ ಕೈ ಸೊಸೆಗೆ ಬಂತು. ಮುಂದೆ ಗಂಡನಿಗೆ ಭುಜದ ನೋವು ಬಂದು ತಿಗರಿ ತಿರುಗಿಸುವುದು ಆಗದಾದಾಗ ಅಕ್ಕನೇ ತಿಗರಿಯ ಮುಂದೆ ಕೂತರು. ಹೆಣ್ಣುಮಗಳು ತಿಗರಿ ಮುಟ್ಟಬಾರದು ಎಂದು ಓಣಿಯಲ್ಲಿ ಒಂದಷ್ಟು ದಿನ ಮಾತಾಯಿತು. ಗಡಿಗೆ ಒಲೆಯ ಮೇಲೆ ನಿಂತ ಮೇಲೆ ಆ ಮಾತು ತಾನಾಗಿ ನಿಂತಿತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿರುವ ಕುಂಬಾರಿಕೆ ತರಬೇತಿ ಸಂಸ್ಥೆಗೂ ಅವರು ಹೋಗಿಬಂದಿದ್ದಾರೆ. ಸೌದೆ ಉರಿಸುವ, ಗೋಡೆ ಕಟ್ಟಿದ ಭಟ್ಟಿಯ ವಿದ್ಯೆ ಅಲ್ಲಿಂದ ತಂದದ್ದು. ಅದಕ್ಕೂ ಮೊದಲು ಇವರ ಮನೆಯಲ್ಲಿ ಇದ್ದದ್ದು ನೆಲದ ಮೇಲೆ ಕುಳ್ಳು, ಹುಲ್ಲು ಒಟ್ಟಿ ಸುಡುವ ಆವಿಗೆ ಮಾತ್ರ.

ಭಾನುವಾರ ಅವರ ಅಂಗಳದಲ್ಲಿ ಪಾಠ. ಊರ ಮಕ್ಕಳು ಬರುತ್ತಾರೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬರುತ್ತಾರೆ, ದಾವಣಗೆರೆಯ ದೃಶ್ಯಕಲಾ ಕಾಲೇಜಿನಿಂದಲೂ ಆಗಾಗ ಇಬ್ಬರು ಮೂವರು ಬಸ್ ಹತ್ತಿ ಬರುತ್ತಾರೆ. ಮೊದಲ ನಾಲ್ಕು ವಾರ ಅಲ್ಲಿ ಯಾರಿಗೂ ಕುಂಚ ಸಿಗುವುದಿಲ್ಲ. ಮಣ್ಣು ಕುಟ್ಟಬೇಕು, ಜರಡಿ ಹಿಡಿಯಬೇಕು, ನೆನೆಸಬೇಕು, ತುಳಿಯಬೇಕು. ಕಾಲಿಗೆ ಕಲ್ಲು ಚುಚ್ಚಿದರೆ ಬಗ್ಗಿ ತೆಗೆದು ಬಿಸಾಡಬೇಕು. ಇದು ನನಗೆ ಹಳೇ ಕಾಲದ ಶಿಕ್ಷೆಯ ಹಾಗೆ ಕಾಣುತ್ತಿತ್ತು. ಈ ಪ್ರಕರಣ ಶುರುವಾಗುವುದೇ ನನ್ನ ಆ ಅನಿಸಿಕೆಯಿಂದ.

ಆ ವರ್ಷ ಬದಲಾದದ್ದು

ಶಿಬಿರಕ್ಕೆ ಇದ್ದದ್ದು ಹತ್ತೇ ದಿನ. ನಾನು ಅಕ್ಕನ ಹತ್ತಿರ ಹೋಗಿ ಹೇಳಿದೆ: “ಅಕ್ಕಾ, ಮಕ್ಕಳಿಗೆ ಮಣ್ಣು ತುಳಿಸೋದ್ರಲ್ಲೇ ವಾರ ಕಳೆದುಹೋಗುತ್ತೆ. ಹದ ಮಾಡಿದ ಮಣ್ಣು ನಾವೇ ಕೊಟ್ಟುಬಿಡೋಣ. ಅವರು ಮಾಡ್ಲಿ, ಬಣ್ಣ ಹಚ್ಚಲಿ. ಅಪ್ಪ-ಅಮ್ಮ ನೋಡೋಕೆ ಬಂದಾಗ ಕೈಯಲ್ಲಿ ಏನಾದ್ರೂ ಇರಬೇಕಲ್ಲ.” ಅಕ್ಕನಿಗೆ ಮನಸ್ಸಿರಲಿಲ್ಲ. “ನೀವು ಹೇಳ್ತೀರಿ ಅಂದ್ಮೇಲೆ ಆಗ್ಲಿ ಬಿಡಿ ಮೇಷ್ಟ್ರೆ” ಅಂದರು. ಹೀಗೆ ಮಣ್ಣಿನ ಪಾಠ ಬಿಟ್ಟುಹೋಯಿತು.

ಎರಡನೆಯ ಬದಲಾವಣೆ ಮಳೆಯಿಂದ ಆದದ್ದು. 2022ರಲ್ಲಿ ನಮ್ಮ ಜಿಲ್ಲೆಯಲ್ಲಿ ಬಿದ್ದ ಮಳೆಯನ್ನು ಯಾರೂ ಮರೆಯುವ ಹಾಗಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದದ್ದು ಆ ಸೆಪ್ಟೆಂಬರಿನಲ್ಲಿ, ಅಂದರೆ 89 ವರ್ಷಕ್ಕೆ. ಮಾರಿಕಣಿವೆ ಎಂದೂ ಕರೆಯುವ ಆ ಜಲಾಶಯ ನೋಡಲು ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋದರು, ನಾನೂ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿದ್ದೆ. ನಮ್ಮೂರ ಕೆರೆಯೂ ತುಂಬಿತು. ರೈತರಿಗೆ ಹಬ್ಬ. ಆದರೆ ಕುಂಬಾರರು ಮಣ್ಣು ತೆಗೆಯುವುದು ಬೇಸಿಗೆಯಲ್ಲಿ ಕೆರೆಯಂಗಳ ಒಣಗಿ ಬಿರುಕು ಬಿಟ್ಟಾಗ. ಮುಂದಿನ ಬೇಸಿಗೆಯಲ್ಲೂ ಕೆರೆಯಲ್ಲಿ ಸೊಂಟದ ಮಟ್ಟ ನೀರು ನಿಂತಿತ್ತು. ಅಕ್ಕನ ಮನೆಯವರು ತಲೆಮಾರುಗಳಿಂದ ಮಣ್ಣು ತೆಗೆದ ಜಾಗ ನೀರಿನ ಅಡಿಯಲ್ಲಿತ್ತು. ಶಿಬಿರಕ್ಕೆ ಒಂದು ಟ್ರ್ಯಾಲಿ ಮಣ್ಣು ತರಿಸಿದ್ದು ಜಗಳೂರು ಕಡೆಯ ಒಂದು ಎರೆ ಹೊಲದಿಂದ. ಕಪ್ಪಗೆ, ಜಿಗುಟಾಗಿ, ಹಿಡಿದರೆ ಬೆಣ್ಣೆಯ ಹಾಗಿತ್ತು. ಕೂಲಿಯವರು ಕಲಸಿ ಉಂಡೆ ಮಾಡಿ ಕೊಟ್ಟರು.

ಮೂರನೆಯದು ಬೆಂಕಿ. ಮೂವತ್ತೆರಡು ಮಡಕೆ ಒಟ್ಟಿಗೆ ಸುಡಬೇಕು, ಮಳೆ ಬಂದರೆ ನೆಲದ ಆವಿಗೆ ಆರಿಹೋಗುತ್ತದೆ ಎಂದು ಈ ಸಲ ಭಟ್ಟಿಗೆ ಹಾಕಿದೆವು. ಬಳ್ಳಾರಿ ಜಾಲಿ ಸೌದೆ, ಕೊನೆಗೆ ಜಳ ಏರಿಸಲು ಚಳ್ಳಕೆರೆಯಿಂದ ತಂದ ಶೇಂಗಾ ಹೊಟ್ಟು. ಕಿಂಡಿಯಲ್ಲಿ ಇಣುಕಿದರೆ ಮಡಕೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಆವಿಗೆಯಲ್ಲಿ ಮಡಕೆ ಮಂದ ಕೆಂಪಿಗಿಂತ ಮೇಲೆ ಹೋಗುವುದು ಅಪರೂಪ.

ಪಾಠ, ಮಣ್ಣು, ಬೆಂಕಿ ಮೂರೂ ಒಂದೇ ಸಲ ಬದಲಾಗಿದ್ದವು. ಆಗ ಅದು ನಮ್ಮ ಗಮನಕ್ಕೇ ಬರಲಿಲ್ಲ.

ತಪ್ಪು ಯಾರದು

ಪ್ರದರ್ಶನ ನಿಲ್ಲಿಸಿದೆವು. ಬಂದಿದ್ದ ತಂದೆ-ತಾಯಂದಿರಿಗೆ ಚಹಾ ಕೊಟ್ಟು ಕಳಿಸಿದೆವು. ಒಬ್ಬರು ಬಣ್ಣ ಕಳಪೆ ಅಂದರು. ನನಗೂ ಮೊದಲು ಹಾಗೇ ಅನಿಸಿತು: ಬಣ್ಣ ಒಣಗುವಾಗ ಬಿಗಿದು ಮೈಯನ್ನು ಕಿತ್ತಿರಬಹುದು. ಇನ್ನೊಬ್ಬರು, ಮಕ್ಕಳು ಗಾಳಿಗುಳ್ಳೆ ಬಿಟ್ಟಿರುತ್ತಾರೆ ಅಂದರು. ಹಸಿ ಆರದೆ ಭಟ್ಟಿಗೆ ಹಾಕಿದ್ದೀರಿ ಎಂದು ಅಕ್ಕನ ಗಂಡನೇ ಗದರಿದರು.

ಕೊನೆಯ ಎರಡನ್ನು ಅಕ್ಕ ಅಲ್ಲೇ ತಳ್ಳಿಹಾಕಿದರು. ಒಳಗೆ ತೇವ ಉಳಿದಿದ್ದರೆ ಮಡಕೆ ಭಟ್ಟಿಯಲ್ಲಿ ನೀರು ಕುದಿಯುವ ಹೊತ್ತಿಗೇ ಸಿಡಿಯುತ್ತದೆ, ಎಂಟು ದಿನ ಕಾಯುವುದಿಲ್ಲ. ಬಣ್ಣದ ಅನುಮಾನಕ್ಕೆ ಉತ್ತರ ಕೋಣೆಯ ಮೂಲೆಯಲ್ಲೇ ಇತ್ತು. ಜ್ವರ ಬಂದು ಇಬ್ಬರು ಹುಡುಗರು ಕೊನೆಯ ದಿನಗಳಲ್ಲಿ ಬಂದಿರಲಿಲ್ಲ. ಅವರ ಮಡಕೆಗೆ ಬಣ್ಣ ತಾಗಿರಲಿಲ್ಲ. ಅವೂ ಚಕ್ಕೆ ಬಿಟ್ಟಿದ್ದವು. ಕೆಲವು ಮಡಕೆಗಳಲ್ಲಿ ಗುಳಿ ಬಿದ್ದದ್ದು ಒಳಮೈಯಲ್ಲಿ.

ಅಕ್ಕ ಆ ನವಿಲಿನ ಮಡಕೆಯನ್ನು ಬಾಗಿಲ ಬೆಳಕಿಗೆ ಹಿಡಿದರು. ತುರುಬಿನಿಂದ ಪಿನ್ನು ಎಳೆದು ಗುಳಿಯ ತಳದ ಬಿಳಿ ಚುಕ್ಕೆಯನ್ನು ಕೆದಕಿದರು. ಕಲ್ಲಿನ ಹಾಗೆ ಕಂಡದ್ದು ಹಿಟ್ಟಾಗಿ ಉದುರಿತು. ಉದುರಿದ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ನಾಲಿಗೆಯ ತುದಿಗೆ ಚೂರೇ ಚೂರು ತಾಗಿಸಿ ಉಗಿದರು. “ಯಾರಾದ್ರೂ ಅರಿಶಿನ ತರ್ರಿ” ಅಂದರು.

ಬಿಸಿಯೂಟದ ಕೋಣೆಯಿಂದ ಅರಿಶಿನ ಬಂತು. ತಟ್ಟೆಯಲ್ಲಿ ನೀರು ಹನಿಸಿ ಕಲಸಿ, ಅದರ ಮೇಲೆ ಪಿನ್ನಿನ ತುದಿಯ ಹಿಟ್ಟನ್ನು ಉದುರಿಸಿದರು. ಹಳದಿಯ ನಡುವೆ ರಕ್ತದ ಹನಿಯ ಹಾಗೆ ಒಂದು ಕೆಂಪು ಚುಕ್ಕೆ ಮೂಡಿ ಮೆಲ್ಲಗೆ ಹರಡಿತು. ಆರತಿಗೆ ಕೆಂಪು ನೀರು ಕಲಸಿದ ಯಾವ ಹೆಂಗಸಿಗೂ ಇದು ಏನೆಂದು ಹೇಳಿಕೊಡಬೇಕಿಲ್ಲ. “ಸುಣ್ಣ ಐತೆ ಮೇಷ್ಟ್ರೆ, ಮಣ್ಣಾಗೆ. ಬಣ್ಣದ್ದಲ್ಲ ತಪ್ಪು” ಅಂದರು. ಆಮೇಲೆ ಬಹಳ ಹೊತ್ತು ಅವರು ಮಾತಾಡಲಿಲ್ಲ. ಮದುವೆ ಗಡಿಗೆಯ ಮೇಲೆ ಸುಣ್ಣದಲ್ಲಿ ಬಳ್ಳಿ ಬರೆದು ಜೀವನ ಕಳೆದ ಕೈಗೆ ಮಣ್ಣಿನೊಳಗಿನ ಸುಣ್ಣ ತಪ್ಪಿಹೋಗಿತ್ತು. ಅದು ಅವರನ್ನು ಎಷ್ಟು ನೋಯಿಸಿತೆಂದು ಆ ಮುಖ ನೋಡಿದ ನನಗೆ ಗೊತ್ತು. ಮಣ್ಣು ತುಳಿಯುವುದನ್ನು ಬಿಡಿಸಿದವನು ನಾನು.

ಸುಣ್ಣ ಮಾಡುವ ಕೆಲಸ

ಎರೆ ಭೂಮಿಯಲ್ಲಿ ಸುಣ್ಣದ ಹರಳು ಇರುವುದು ಸಾಮಾನ್ಯ. ಮಣ್ಣಿನ ನೀರಿನಲ್ಲಿ ಕರಗಿದ ಸುಣ್ಣದಂಶ ಬಿಸಿಲಿಗೆ ನೀರಾರಿ ಹೆಪ್ಪುಗಟ್ಟಿ ಬಟಾಣಿಯಿಂದ ಹಿಡಿದು ಲಿಂಬೆಕಾಯಿ ಗಾತ್ರದವರೆಗೆ ಗಂಟುಗಳಾಗುತ್ತವೆ. ದೊಡ್ಡವು ಕಣ್ಣಿಗೆ ಬೀಳುತ್ತವೆ. ಅಪಾಯ ಇರುವುದು ರವೆಯಷ್ಟು ಸಣ್ಣವುಗಳಲ್ಲಿ. ನಮ್ಮ ಕೆರೆಗೆ ಹರಿದು ಬರುವುದು ಗುಡ್ಡದ ಕೆಂಪು ಮಣ್ಣು. ಹಗುರವಾದ ನುಣುಪು ಮಾತ್ರ ಕೆರೆಯ ಒಡಲಿನವರೆಗೆ ತೇಲಿ ಬಂದು ಕೂರುತ್ತದೆ, ದಪ್ಪ ಕಾಳು ಹಳ್ಳದಲ್ಲೇ ಉಳಿಯುತ್ತದೆ. ಅಂದರೆ ಸೋಸುವ ಕೆಲಸವನ್ನು ಅಷ್ಟು ವರ್ಷ ಕೆರೆಯೇ ಮಾಡಿಕೊಡುತ್ತಿತ್ತು.

ಹಸಿ ಮಣ್ಣಿನಲ್ಲಿ ಈ ಹರಳು ನಿರುಪದ್ರವಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಸೀಮೆಸುಣ್ಣದ ಜಾತಿ. ಬೆಂಕಿಯಲ್ಲಿ ಸುಮಾರು 700 ಡಿಗ್ರಿ ದಾಟಿದ ಮೇಲೆ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡಲು ಶುರುಮಾಡುತ್ತದೆ. 850–900ರ ಹೊತ್ತಿಗೆ ಪೂರ್ತಿ ಸುಟ್ಟ ಸುಣ್ಣವಾಗುತ್ತದೆ. ಮಣ್ಣು ಮತ್ತೆ ನೀರಿಗೆ ಕರಗದ ಮಡಕೆಯಾಗಲು ಅಷ್ಟು ಶಾಖ ಬೇಡ, 600 ಡಿಗ್ರಿ ಸುಮಾರಿಗೆ ಆ ಬದಲಾವಣೆ ಮುಗಿದಿರುತ್ತದೆ. ಆವಿಗೆಯ ಮಡಕೆ ಈ ಎರಡರ ನಡುವಿನ ಸಂದಿನಲ್ಲಿ ಹೇಗೋ ಪಾರಾಗುತ್ತದೆ, ಭಟ್ಟಿಯ ಮಡಕೆ ಪಾರಾಗುವುದಿಲ್ಲ. ಸುಟ್ಟ ಸುಣ್ಣ ಗಾಳಿಯ ತೇವ ಕುಡಿದಾಗ ಅರಳುತ್ತದೆ, ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮನೆಗೆ ಸುಣ್ಣ ಬಳಿಯಲು ಕಲ್ಲುಸುಣ್ಣಕ್ಕೆ ನೀರು ಹೊಯ್ದಾಗ ಅದು ಕೊತಕೊತ ಕುದಿದು ಉಬ್ಬುವುದನ್ನು ಹಳ್ಳಿಯವರೆಲ್ಲ ಕಂಡವರೇ. ಮಡಕೆಯ ಗೋಡೆಯೊಳಗೆ ಸಿಕ್ಕಿಕೊಂಡ ಹರಳಿಗೆ ಉಬ್ಬಲು ಜಾಗವಿಲ್ಲ, ಆದ್ದರಿಂದ ಮುಂದಿನ ಚಕ್ಕೆಯನ್ನು ದೂಡಿ ಹೊರಗೆ ಹಾಕುತ್ತದೆ. ಕೃತ್ತಿಕೆ ಮಳೆ ಬರುವವರೆಗೂ ನಮ್ಮ ಕೋಣೆಯ ಗಾಳಿ ಒಣಗಿತ್ತು. ಮಡಕೆಗಳು ಸುಮ್ಮನಿದ್ದದ್ದು ಅದಕ್ಕೆ. ಬಣ್ಣ ಹೊರಮೈಯನ್ನು ಮುಚ್ಚಿತ್ತು ನಿಜ, ಆದರೆ ಒಳಮೈ ಬರಿದಾಗಿತ್ತು. ತೇವ ಆ ಕಡೆಯಿಂದ ನುಗ್ಗಿತು.

ಹಣತೆಗಳ ಪರೀಕ್ಷೆ

ಕಾರಣ ತಿಳಿಯಿತೆಂದು ಅಕ್ಕ ಸುಮ್ಮನಾಗಲಿಲ್ಲ. ಮಣ್ಣು ಕಾರಣವೋ, ಬೆಂಕಿ ಕಾರಣವೋ, ಎರಡೂ ಸೇರಿಯೋ ಎಂದು ಬಿಡಿಸಿ ನೋಡಬೇಕಿತ್ತು. ಹಿತ್ತಲಲ್ಲಿ ಗೋಣಿಚೀಲ ಮುಚ್ಚಿಟ್ಟಿದ್ದ ಹಳೇ ಕೆರೆ ಮಣ್ಣು ಒಂದಿಷ್ಟಿತ್ತು. ಅದರಲ್ಲಿ ಹದಿನಾರು ಹಣತೆ ಮಾಡಿದರು, ಎಂಟು ಆವಿಗೆಗೆ, ಎಂಟು ಭಟ್ಟಿಗೆ. ಎರೆ ಮಣ್ಣಿನದೂ ಹಾಗೇ ಹದಿನಾರು. ಇನ್ನೆಂಟು ಹಣತೆ ಎರೆ ಮಣ್ಣನ್ನು ನೀರಿನಲ್ಲಿ ತೆಳ್ಳಗೆ ಕದಡಿ, ಮೈದಾ ಜರಡಿಯ ಮೇಲೆ ಹಳೇ ಪಂಚೆ ಹಾಸಿ ಸೋಸಿ ಮಾಡಿದ್ದು. ಮತ್ತೆಂಟು ಸೋಸದ ಎರೆ ಮಣ್ಣಿನವೇ. ಇವನ್ನು ಭಟ್ಟಿಯಿಂದ ತೆಗೆದು, ಕೈಗೆ ಬಿಸಿ ತಾಳುವ ಹದಕ್ಕೆ ಬಂದ ಕೂಡಲೇ ನೀರಿನ ತೊಟ್ಟಿಗೆ ಇಳಿಸಿದರು. ಪ್ರತಿಯೊಂದರ ಬೆನ್ನಿಗೆ ಕಡ್ಡಿಯಿಂದ ಗುರುತು ಗೀರಿದ್ದು ಆ ನವಿಲಿನ ಹುಡುಗಿ. ಎಲ್ಲವನ್ನೂ ಒದ್ದೆ ಗೋಣಿಯ ಕೆಳಗೆ ಹತ್ತು ದಿನ ಇಟ್ಟೆವು.

ಹಳೇ ಮಣ್ಣಿನವು ಎರಡೂ ಬೆಂಕಿಯಲ್ಲಿ ಒಂದೂ ಹಾಳಾಗಲಿಲ್ಲ. ಎರೆ ಮಣ್ಣಿನವು ಆವಿಗೆಯಲ್ಲಿ ಎರಡು, ಭಟ್ಟಿಯಲ್ಲಿ ಏಳು ಚಕ್ಕೆ ಬಿಟ್ಟವು. ಸೋಸಿ ಮಾಡಿದವು ಎಂಟೂ ಉಳಿದವು. ನೀರಿಗೆ ಇಳಿಸಿದವುಗಳಲ್ಲಿ ಒಂದಕ್ಕೆ ಮಾತ್ರ ಸಣ್ಣ ಗುಳಿ ಬಿತ್ತು. ಸುಟ್ಟ ಕೂಡಲೇ ಯಥೇಚ್ಛ ನೀರು ಸಿಕ್ಕರೆ ಹರಳು ಗಟ್ಟಿಯಾಗಿ ಉಬ್ಬುವ ಬದಲು ಮೆತ್ತಗೆ ಕಲಸಿದ ಸುಣ್ಣವಾಗಿ ರಂಧ್ರಗಳಿಗೆ ಜಾರಿಕೊಳ್ಳುತ್ತದೆ. ಇಟ್ಟಿಗೆ ಭಟ್ಟಿಯವರಿಗೆ ಈ ಉಪಾಯ ಹಳೆಯದು. ಎಂಟೆಂಟು ಹಣತೆಯಿಂದ ಶಾಸ್ತ್ರ ಹೇಳಲಾಗದು. ಆದರೆ ನಮ್ಮ ಅಂಗಳದಲ್ಲಿ ಮುಂದೆ ಏನು ಮಾಡಬೇಕೆಂದು ತೀರ್ಮಾನಿಸಲು ಅಷ್ಟು ಸಾಕಾಯಿತು: ಮೂಲ ಮಣ್ಣಿನಲ್ಲಿತ್ತು, ಬೆಂಕಿ ಅದನ್ನು ಎಬ್ಬಿಸಿತು.

ಮಕ್ಕಳ ಜೊತೆ

ಒಡೆದ ಮಡಕೆಗಳನ್ನು ಗುಟ್ಟಾಗಿ ತಿಪ್ಪೆಗೆ ಹಾಕಿ, ಮಕ್ಕಳಿಗೆ ಅಕ್ಕನೇ ಹೊಸದೊಂದು ಮಾಡಿಕೊಡಲಿ ಎಂದು ನಾನು ಸೂಚಿಸಿದ್ದೆ. ಅಕ್ಕ ಒಪ್ಪಲಿಲ್ಲ. ಜೂನ್ ಮೊದಲ ಭಾನುವಾರ ಎಲ್ಲರನ್ನೂ ಅಂಗಳಕ್ಕೆ ಕರೆದು ಅವರವರ ಮಡಕೆಯನ್ನು ಅವರವರ ಕೈಗೆ ಕೊಟ್ಟರು. ಮಣ್ಣು ನೋಡದೆ ನಿಮಗೆ ಕೊಟ್ಟದ್ದು ನನ್ನ ತಪ್ಪು ಎಂದು ಮೊದಲೇ ಹೇಳಿದರು. ಆಮೇಲೆ ಮಕ್ಕಳು ತಮ್ಮ ಮಡಕೆ ತಾವೇ ಒಡೆದು, ಗೋಡೆಯ ದಪ್ಪದಲ್ಲಿ ಇನ್ನೂ ಅರಳದೆ ಕೂತಿದ್ದ ಹರಳುಗಳನ್ನು ಹುಡುಕಿದರು. ಸಿಕ್ಕಿದ ಪ್ರತಿ ಹರಳನ್ನೂ ಅರಿಶಿನದ ತಟ್ಟೆಗೆ ಹಾಕಿ ನೀರು ಹನಿಸಿ ಕೆಂಪಾಗುವುದನ್ನು ನೋಡಿದರು. ಹಸಿ ಎರೆ ಮಣ್ಣಿನಿಂದ ಆರಿಸಿದ ಹರಳನ್ನು ಪುಡಿ ಮಾಡಿ ನಿಂಬೆರಸ ಬಿಟ್ಟರೆ ಸೊರ್ ಎಂದು ನೊರೆ ಬರುವುದನ್ನು ಕಿವಿ ಹತ್ತಿರ ತಂದು ಕೇಳಿದರು. ಹಸಿ ಹರಳಿಗೆ ನಿಂಬೆ, ಸುಟ್ಟ ಹರಳಿಗೆ ಅರಿಶಿನ. ಯಾವ ಪ್ರಯೋಗಶಾಲೆಯೂ ಬೇಕಿಲ್ಲದ ಈ ಎರಡು ಪರೀಕ್ಷೆಗಳನ್ನು ನಾನು ವಿಜ್ಞಾನದ ಮೇಷ್ಟ್ರಿಗೂ ತೋರಿಸಿದೆ. ಅವರು ಈಗ ತರಗತಿಯಲ್ಲಿ ಮಾಡಿಸುತ್ತಾರೆ. ನವಿಲಿನ ಹುಡುಗಿ ಮಾತ್ರ ತನ್ನ ಮಡಕೆ ಒಡೆಯಲಿಲ್ಲ. ಸೆರಗಿನ ಮರೆಯಲ್ಲಿ ಮಗು ಹಿಡಿದಂತೆ ಎದೆಗವಚಿಕೊಂಡು ಕೂತಿದ್ದಳು. ಯಾರೂ ಒತ್ತಾಯ ಮಾಡಲಿಲ್ಲ.

ಅದಾದ ಮೇಲೆ ಅಕ್ಕ ಮಕ್ಕಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಮಯೂರಶರ್ಮನ ಶಾಸನ ನೋಡಲು ಎಲ್ಲ ಶಾಲೆಯವರೂ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಅಗೆದಾಗ ಸಿಕ್ಕ ಮಡಕೆ ಚೂರುಗಳ ಬಗ್ಗೆ ಮಕ್ಕಳಿಗೆ ಹೇಳುವವರು ಕಡಿಮೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲೂ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲೂ ಉತ್ಖನನ ನಡೆಸಿದಾಗ, ಶಾತವಾಹನರ ಕಾಲದ ಪದರಗಳಲ್ಲಿ ಕೆಂಗಾವಿ ಮೈಯ ಮೇಲೆ ಬಿಳಿ ಗೆರೆ ಎಳೆದ ಪಾತ್ರೆಗಳ ಚೂರು ಹೇರಳವಾಗಿ ಸಿಕ್ಕವು. ಸುಮಾರು ಎರಡು ಸಾವಿರ ವರ್ಷ ಹಿಂದಿನವು. ಅವುಗಳ ಚಿತ್ರವನ್ನು ನಾನು ತೋರಿಸಿದಾಗ ಅಕ್ಕ ಗೆರೆಗಳನ್ನು ಬೆರಳಲ್ಲಿ ಹಿಂಬಾಲಿಸಿ, “ನಮ್ಮ ಐರಾಣಿ ಇದ್ದಂಗೆ ಐತಲ್ಲ” ಅಂದರು. ಆ ಕೈಗೂ ಈ ಕೈಗೂ ನೇರ ನಂಟಿದೆ ಎಂದು ನಾನು ಹೇಳಲಾರೆ. ಆದರೆ ಇದೇ ಗುಡ್ಡಗಳ ನಡುವೆ ಕೂತು ಕೆಂಪಿನ ಮೇಲೆ ಬಿಳಿ ಎಳೆದ ಯಾರೋ ಒಬ್ಬರು ಮಣ್ಣನ್ನು ಚೆನ್ನಾಗಿ ಸೋಸಿದ್ದರು. ಇಲ್ಲದಿದ್ದರೆ ಆ ಗೆರೆ ನಮ್ಮವರೆಗೆ ಬರುತ್ತಿರಲಿಲ್ಲ.

ಈಗಿನ ಪಾಠ

2024ರ ಬೇಸಿಗೆಯಿಂದ ಶಿಬಿರದ ಕ್ರಮ ಬದಲಾಗಿದೆ. ಮೊದಲ ದಿನ ಪ್ರತಿ ಮಗುವೂ ಮನೆಯ ಹತ್ತಿರದ ಒಂದು ಹಿಡಿ ಮಣ್ಣು, ಒಂದು ನಿಂಬೆಹಣ್ಣು ತರಬೇಕು. ಎರಡನೆಯ ದಿನ ಸೋಸುವುದು. ಮೂರು, ನಾಲ್ಕನೆಯ ದಿನ ತುಳಿಯುವುದು. ಸುಟ್ಟ ಮಡಕೆ ಅದೇ ದಿನ ತೊಟ್ಟಿಗೆ ಇಳಿಯುತ್ತದೆ. ಕುಡಿಯುವ ನೀರಿನ ಮಡಕೆಗೆ ಅಂಗಡಿಯ ಬಣ್ಣ ಹಚ್ಚುವುದನ್ನು ಅಕ್ಕ ನಿಲ್ಲಿಸಿದ್ದಾರೆ. ಮಡಕೆ ಬೆವತು ಆ ಬೆವರು ಆರಿದರೆ ತಾನೇ ನೀರು ತಂಪಾಗುವುದು, ಬಣ್ಣ ಆ ಬೆವರನ್ನೇ ಕಟ್ಟಿಹಾಕುತ್ತದೆ. ಅಂಥವಕ್ಕೆ ಸುಡುವ ಮೊದಲು ಕೆಮ್ಮಣ್ಣಿನ ಗೆರೆ, ಅಷ್ಟೆ.

ಇದರಿಂದ ತೊಂದರೆಯೂ ಆಗಿದೆ. ನೀರು ಕುಡಿದ ಮಡಕೆ ಪೂರ್ತಿ ಒಣಗಲು ವಾರವಾದರೂ ಬೇಕು. ಒಣಗುವ ಮೊದಲು ಬಣ್ಣ ಹಚ್ಚಿದರೆ ಸಿಪ್ಪೆಯಾಗಿ ಏಳುತ್ತದೆ. ಹಾಗಾಗಿ ಹತ್ತು ದಿನದ ಶಿಬಿರ ಬಣ್ಣವಿಲ್ಲದೆಯೇ ಮುಗಿಯುತ್ತದೆ. ಚಿತ್ರಕಲೆ ಎಂದು ಕಳಿಸಿದರೆ ಮಣ್ಣು ಹೊರಿಸಿದ್ದೀರಿ ಎಂದು ಕೆಲವು ಪೋಷಕರು ನನ್ನ ಮುಂದೆಯೇ ಬೇಸರಪಟ್ಟುಕೊಂಡರು, ಇಬ್ಬರು ಮಕ್ಕಳನ್ನು ಮಧ್ಯದಲ್ಲೇ ಬಿಡಿಸಿಕೊಂಡು ಹೋದರು. ಬಣ್ಣಕ್ಕೆಂದು ಜೂನ್ ಕೊನೆಯ ಎರಡು ಭಾನುವಾರ ಬೇರೆ ಇಟ್ಟೆವು. ಅಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ, ಬಿತ್ತನೆಯೂ ಶುರುವಾಗಿರುತ್ತದೆ. ಹೊಲಕ್ಕೆ ಹೋಗುವ ಮಕ್ಕಳು ಬರಲಾಗುವುದಿಲ್ಲ. ಮೊದಲ ವರ್ಷ ಇಪ್ಪತ್ತೆಂಟರಲ್ಲಿ ಹದಿನೇಳು ಜನ ಬಂದರು. ಉಳಿದ ಹನ್ನೊಂದು ಮಡಕೆ ಬಣ್ಣ ಕಾಣದೆ ಅಕ್ಕನ ಅಟ್ಟದ ಮೇಲಿವೆ, ಪ್ರತಿಯೊಂದರ ತಳದಲ್ಲೂ ಹೆಸರು ಗೀರಿದೆ. ಸುಗ್ಗಿ ಮುಗಿದ ಮೇಲೆ ಒಂದು ದಿನ ಅವರನ್ನೂ ಕರೆಸೋಣ ಮೇಷ್ಟ್ರೆ ಎಂದು ಅಕ್ಕ ಹೇಳಿದ್ದಾರೆ. ನಾನು ಹೆಸರುಗಳ ಪಟ್ಟಿ ಮಾಡಿ ಇಟ್ಟುಕೊಂಡಿದ್ದೇನೆ.